ಮಿರಾಂಡವನ್ನು ಕಂಡವರು: ಗೆರಾರ್ಡ್ ಕೈಪರ್



ಡಿಸೆಂಬರ್ ಅಥವಾ ಜನವರಿ ತಿಂಗಳಲ್ಲಿ, ಚಂದ್ರನಿಲ್ಲದ ಒಂದು ರಾತ್ರಿ, ಊಟ ಮುಗಿಸಿ ಅಂಗಳಕ್ಕೆ ಬನ್ನಿ. ನೆತ್ತಿಯ ಸಮೀಪದಲ್ಲಿ ಸಣ್ಣ ಗೊಂಚಲಿನಂತೆ ಒತ್ತೊತ್ತಾಗಿರುವ ನಕ್ಷತ್ರಗಳ ಗುಂಪೊಂದು ಕಾಣುತ್ತದೆ. ಅದೇ ಕೃತ್ತಿಕೆ. ಅದರಲ್ಲಿ ಎಷ್ಟು ನಕ್ಷತ್ರಗಳಿವೆ, ಎಣಿಸಿ. ಬಹಳ ಮಂದಿಗೆ ಆರು ಕಾಣುತ್ತವೆ. ಕಣ್ಣು ಚುರುಕಾಗಿದ್ದು ಆಕಾಶವೂ ತಿಳಿಯಾಗಿದ್ದರೆ ಇನ್ನೂ ಒಂದೆರಡು ಕಾಣಬಹುದು. ಕಂಡದ್ದನ್ನು ಕಂಡ ಹಾಗೆಯೇ ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟು ಗುರುತು ಮಾಡಿಕೊಳ್ಳಿ.

ಸುಮಾರು ನೂರು ವರ್ಷಗಳ ಹಿಂದೆ ಹಾಲೆಂಡ್ ದೇಶದ ಒಬ್ಬ ಹುಡುಗ ಒಂದು ಚಳಿಗಾಲದಲ್ಲಿ ಇದೇ ಕೆಲಸ ಮಾಡಿದ. ಅವನು ಬರೆದ ಚಿತ್ರದಲ್ಲಿ ಬೇರೆಯವರಿಗೆ ಕಾಣದ ನಕ್ಷತ್ರಗಳೂ ಇದ್ದವು. ಅವು ಕಲ್ಪನೆಯ ಚುಕ್ಕಿಗಳಲ್ಲ, ಅಲ್ಲಿ ನಿಜವಾಗಿಯೂ ನಕ್ಷತ್ರಗಳಿದ್ದವು. ನಕ್ಷತ್ರಗಳ ಹೊಳಪನ್ನು ಖಗೋಳವಿಜ್ಞಾನಿಗಳು ಕಾಂತಿಮಾನ ಎಂಬ ಅಂಕಿಯಿಂದ ಸೂಚಿಸುತ್ತಾರೆ. ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು. ಸಾಮಾನ್ಯರ ಬರಿಗಣ್ಣಿಗೆ ಕಾಣುವ ಕೊನೆಯ ಅಂಕಿ ಸುಮಾರು 6. ಈ ಹುಡುಗನಿಗೆ 7.5 ಕಾಂತಿಮಾನದ ನಕ್ಷತ್ರಗಳೂ ಕಾಣುತ್ತಿದ್ದವು. ಅಂದರೆ ನಮಗೆ ಕಾಣುವ ಅತಿ ಮಂಕಾದ ನಕ್ಷತ್ರಕ್ಕಿಂತ ನಾಲ್ಕು ಪಟ್ಟು ಮಂಕಾದವು!

ಈ ಹುಡುಗನ ಹೆಸರು ಗೆರಿಟ್ ಪೀಟರ್ ಕೈಪರ್. ಮುಂದೆ ಅಮೆರಿಕಕ್ಕೆ ಹೋದ ಮೇಲೆ ಗೆರಾರ್ಡ್ ಕೈಪರ್ ಎಂದು ಪ್ರಸಿದ್ಧನಾದ. ನೆಪ್ಚೂನ್ ಗ್ರಹದ ಆಚೆ ಇರುವ ಕೈಪರ್ ಪಟ್ಟಿಯ ಹೆಸರನ್ನು ನೀವು ಕೇಳಿರಬಹುದು. ಅದು ಇವರದೇ ಹೆಸರು. ಆದರೆ ನಾನು ಮುಖ್ಯವಾಗಿ ಹೇಳಹೊರಟಿರುವುದು ಅವರು ಕಂಡುಹಿಡಿದ ಒಂದು ಪುಟ್ಟ ಉಪಗ್ರಹದ ಕಥೆ. ಆ ಉಪಗ್ರಹದ ಮುಖ ಅವರ ಬದುಕಿನಲ್ಲಿ ಅವರಿಗೆ ಕಾಣಲೇ ಇಲ್ಲ.

ಕೈಪರ್ ಹುಟ್ಟಿದ್ದು 1905ರ ಡಿಸೆಂಬರ್ 7ರಂದು, ಉತ್ತರ ಹಾಲೆಂಡ್ ಪ್ರಾಂತ್ಯದ ಟೌಟ್ಯೆನ್‌ಹಾರ್ನ್ ಎಂಬ ಹಳ್ಳಿಯಲ್ಲಿ. ತಂದೆ ದರ್ಜಿ. ನಾಲ್ವರು ಮಕ್ಕಳಲ್ಲಿ ಇವನೇ ಹಿರಿಯ. ಮಗನ ಆಕಾಶದ ಹುಚ್ಚನ್ನು ನೋಡಿ ತಂದೆ ಮತ್ತು ಅಜ್ಜ ಸೇರಿ ಒಂದು ಚಿಕ್ಕ ದೂರದರ್ಶಕ ಕೊಡಿಸಿದರು. ದರ್ಜಿಯ ಮನೆಯಲ್ಲಿ ಅದೇನು ಸಣ್ಣ ಖರ್ಚಲ್ಲ.

ಓದಿನಲ್ಲಿ ಹುಡುಗ ಜಾಣ. ಆದರೆ ಬಡವರ ಮಕ್ಕಳು ಆಗ ವಿಶ್ವವಿದ್ಯಾಲಯಕ್ಕೆ ಹೋಗುವುದು ಸುಲಭವಿರಲಿಲ್ಲ. ಅದಕ್ಕೆ ಬೇಕಾದ ಪ್ರೌಢಶಾಲೆಯೇ ಬೇರೆ. ಹಾಗಾಗಿ ಗೆರಿಟ್ ಹಾರ್ಲೆಂ ನಗರಕ್ಕೆ ಹೋಗಿ ಪ್ರಾಥಮಿಕ ಶಾಲೆಯ ಶಿಕ್ಷಕನಾಗುವ ತರಬೇತಿಗೆ ಸೇರಿದ. ಹೌದು, ನಿಮಗೆ ಪಾಠ ಹೇಳುವ ಮೇಷ್ಟರು, ಟೀಚರ್ ಪಡೆದಿರುವಂಥ ತರಬೇತಿಯೇ. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ನೇರ ದಾರಿ ಇರಲಿಲ್ಲ. ಒಂದು ಕಠಿಣವಾದ ವಿಶೇಷ ಪರೀಕ್ಷೆ ಇತ್ತು. ಅದಕ್ಕೆ ಕುಳಿತು, ಪಾಸಾಗಿ, 1924ರಲ್ಲಿ ಲೈಡೆನ್ ವಿಶ್ವವಿದ್ಯಾಲಯ ಸೇರಿದ. 1933ರಲ್ಲಿ ಜೋಡಿ ನಕ್ಷತ್ರಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದು, ಅದೇ ವರ್ಷ ಅಮೆರಿಕದ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯಕ್ಕೆ ಹೊರಟರು. 1936ರಲ್ಲಿ ಸಾರಾ ಫುಲ್ಲರ್ ಅವರೊಡನೆ ಮದುವೆಯಾಯಿತು. ಆ ವರ್ಷವೇ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಸೇರಿದ ಯರ್ಕಿಸ್ ವೀಕ್ಷಣಾಲಯದಲ್ಲಿ ಕೆಲಸ ಸಿಕ್ಕಿತು.

ಈಗ ನಿಮಗೆ ಒಂದು ವಿಚಿತ್ರ ಸಂಗತಿ ಹೇಳಬೇಕು. ಆ ಕಾಲದ ದೊಡ್ಡ ಖಗೋಳವಿಜ್ಞಾನಿಗಳಲ್ಲಿ ಹೆಚ್ಚಿನವರಿಗೆ ಗ್ರಹಗಳ ಬಗ್ಗೆ ಆಸಕ್ತಿಯೇ ಇರಲಿಲ್ಲ. ನಕ್ಷತ್ರಗಳು ಹೇಗೆ ಉರಿಯುತ್ತವೆ, ಗೆಲಾಕ್ಸಿಗಳು ಎಷ್ಟು ದೂರ ಇವೆ ಎಂಬುದೇ ಅವರ ಯೋಚನೆ. ಮಂಗಳ ಗ್ರಹದಲ್ಲಿ ಕಾಲುವೆಗಳಿವೆ, ಅವನ್ನು ತೋಡಿದವರೂ ಇದ್ದಾರೆ ಎಂದು ಕೆಲವರು ಹಿಂದೆ ಎಬ್ಬಿಸಿದ್ದ ಗದ್ದಲದಿಂದ ಗ್ರಹಗಳ ಅಧ್ಯಯನಕ್ಕೆ ಕೆಟ್ಟ ಹೆಸರೂ ಬಂದಿತ್ತು. ದೊಡ್ಡ ದೂರದರ್ಶಕವನ್ನು ಗ್ರಹದತ್ತ ತಿರುಗಿಸುವುದು ಸಮಯ ಹಾಳು ಮಾಡಿದಂತೆ ಎಂಬ ಭಾವನೆ ಇತ್ತು. ಜೋಡಿ ನಕ್ಷತ್ರಗಳಲ್ಲಿ ಒಳ್ಳೆಯ ಹೆಸರು ಮಾಡಿದ್ದ ಕೈಪರ್ ಅಂಥ ಕಾಲದಲ್ಲಿ ಗ್ರಹಗಳ ಕಡೆಗೆ ತಿರುಗಿದರು. ಸುಮಾರು ಹದಿನೈದು ವರ್ಷ ಈ ಕೆಲಸದಲ್ಲಿ ಅವರು ಬಹುಮಟ್ಟಿಗೆ ಒಂಟಿ.

ಮೊದಲ ಫಲ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ನಡುವೆ. ಕೈಪರ್ ಆಗ ರೇಡಾರ್‌ಗೆ ಸಂಬಂಧಿಸಿದ ಯುದ್ಧಕಾಲದ ಕೆಲಸದಲ್ಲಿದ್ದರು. 1943-44ರ ಚಳಿಗಾಲದಲ್ಲಿ ಸ್ವಲ್ಪ ಬಿಡುವು ಪಡೆದು ಟೆಕ್ಸಾಸ್ ರಾಜ್ಯದ ಬೆಟ್ಟವೊಂದರ ಮೇಲಿರುವ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯಕ್ಕೆ ಹೋದರು. ಅಲ್ಲಿ 82 ಅಂಗುಲ, ಅಂದರೆ ಸುಮಾರು 2.1 ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವಿತ್ತು. ಶನಿಯ ಉಪಗ್ರಹ ಟೈಟನ್‌ನಿಂದ ಬರುವ ಬೆಳಕನ್ನು ಅವರು ಬಣ್ಣಗಳಾಗಿ ಬಿಡಿಸಿ ಅದರ ರೋಹಿತವನ್ನು ನೋಡಿದರು. ಮಳೆಬಿಲ್ಲಿನಂಥ ಆ ಪಟ್ಟಿಯಲ್ಲಿ ಕೆಲವೆಡೆ ಕಪ್ಪು ಕಲೆಗಳು. ಮಧ್ಯದಲ್ಲಿ ಯಾವುದೋ ಅನಿಲ ಆ ಬಣ್ಣಗಳನ್ನು ನುಂಗಿಬಿಟ್ಟಿತ್ತು. ಆ ಅನಿಲ ಮೀಥೇನ್. ಉಪಗ್ರಹವೊಂದಕ್ಕೆ ದಟ್ಟವಾದ ವಾಯುಮಂಡಲ ಇದೆಯೆಂದು ತಿಳಿದದ್ದು ಇದೇ ಮೊದಲು. ಆ ವಾಯುಮಂಡಲದೊಳಗೆ ಪ್ಯಾರಾಶೂಟ್ ಕಟ್ಟಿಕೊಂಡು ಹೈಗೆನ್ಸ್ ನೌಕೆ ಇಳಿದದ್ದು 2005ರ ಜನವರಿಯಲ್ಲಿ, ಅರವತ್ತೊಂದು ವರ್ಷಗಳ ನಂತರ.

ಯುದ್ಧದ ಕೊನೆಯಲ್ಲಿ ಕೈಪರ್ ಸೈನ್ಯದ ತಂಡವೊಂದರ ಜೊತೆ ಯೂರೋಪಿಗೂ ಹೋಗಿದ್ದರು. ಜರ್ಮನಿಯ ವೃದ್ಧ ವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಅಲ್ಲಿ ಗಡಿಗಡಿಯ ಕಾದಾಟದ ನಡುವೆ ಸಿಕ್ಕಿಬಿದ್ದಿದ್ದರು. ಕೈಪರ್ ವಾಹನದಲ್ಲಿ ಹೋಗಿ ಅವರನ್ನು ಕರೆತಂದು ಗಾಟಿಂಗೆನ್ ನಗರಕ್ಕೆ ಸುರಕ್ಷಿತವಾಗಿ ಮುಟ್ಟಿಸಿದರು. ಇದು ನಮ್ಮ ಕಥೆಗೆ ಸೇರಿದ್ದಲ್ಲ, ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಇನ್ನು ಯುರೇನಸ್‌ಗೆ ಬರೋಣ. ಸೂರ್ಯನಿಂದ ಏಳನೆಯ ಗ್ರಹ. ಸೂರ್ಯನಿಂದ ಅದರ ದೂರ ಸುಮಾರು 290 ಕೋಟಿ ಕಿ.ಮೀ. ಸೂರ್ಯನ ಬೆಳಕು ನಮ್ಮನ್ನು ತಲಪಲು ಎಂಟು ನಿಮಿಷ ಸಾಕು. ಯುರೇನಸ್‌ಗೆ ಹೋಗಲು ಎರಡು ಗಂಟೆ ನಲವತ್ತು ನಿಮಿಷ ಬೇಕು. ಗ್ರಹವನ್ನು 1781ರಲ್ಲಿ ಕಂಡುಹಿಡಿದವರು ವಿಲಿಯಂ ಹರ್ಷೆಲ್. ಅದರ ಎರಡು ಉಪಗ್ರಹಗಳಾದ ಟೈಟಾನಿಯ ಮತ್ತು ಒಬೆರಾನ್‌ಗಳನ್ನು ಅವರೇ 1787ರಲ್ಲಿ ಕಂಡರು. ಮತ್ತೆ 64 ವರ್ಷ ಏನೂ ಇಲ್ಲ. 1851ರಲ್ಲಿ ವಿಲಿಯಂ ಲ್ಯಾಸೆಲ್ ಎಂಬ ಇಂಗ್ಲೆಂಡಿನ ವ್ಯಾಪಾರಿ ತಾವೇ ತಯಾರಿಸಿದ ದೂರದರ್ಶಕದಿಂದ ಏರಿಯಲ್ ಮತ್ತು ಅಂಬ್ರಿಯಲ್‌ಗಳನ್ನು ಕಂಡರು. ಅಲ್ಲಿಗೆ ನಾಲ್ಕಾಯಿತು. ಆಮೇಲೆ ಸುಮಾರು ನೂರು ವರ್ಷ ಆ ಲೆಕ್ಕ ನಾಲ್ಕರಲ್ಲೇ ನಿಂತಿತು.

ಐದನೆಯದು ಏಕೆ ಕಾಣಲಿಲ್ಲ? ರಾತ್ರಿ ಬೀದಿದೀಪದ ಬಲ್ಬಿನ ಪಕ್ಕದಲ್ಲೇ ಒಂದು ಮಿಣುಕುಹುಳು ಹಾರುತ್ತಿದೆ ಎಂದುಕೊಳ್ಳಿ. ದೂರದಲ್ಲಿ ನಿಂತ ನಿಮಗೆ ಅದು ಕಾಣುತ್ತದೆಯೇ? ಹುಳುವಿನ ಬೆಳಕು ಕಡಿಮೆ ಎನ್ನುವುದು ಅರ್ಧ ಕಾರಣ ಮಾತ್ರ. ಬಲ್ಬಿನ ಪ್ರಭೆ ಅದನ್ನು ಮುಚ್ಚಿಬಿಡುತ್ತದೆ. ಈ ಐದನೆಯ ಉಪಗ್ರಹ ಯುರೇನಸ್‌ಗಿಂತ ಸುಮಾರು 20,000 ಪಟ್ಟು ಮಂಕು, ಮೇಲಾಗಿ ಗ್ರಹಕ್ಕೆ ತೀರ ಹತ್ತಿರ. ಯುರೇನಸ್‌ನ ಕೇಂದ್ರದಿಂದ 1,30,000 ಕಿ.ಮೀ. ದೂರದಲ್ಲಿ ಸುತ್ತುತ್ತದೆ. ನಮ್ಮ ಚಂದ್ರ ಭೂಮಿಯಿಂದ ಇರುವ ದೂರದ ಮೂರನೆಯ ಒಂದು ಭಾಗ!

ಆಗ ಆಕಾಶದ ಫೋಟೋ ತೆಗೆಯುತ್ತಿದ್ದುದು ಗಾಜಿನ ಪ್ಲೇಟಿನ ಮೇಲೆ. ಪ್ಲೇಟಿಗೆ ಬೆಳ್ಳಿಯ ಲವಣದ ಲೇಪನ ಇರುತ್ತಿತ್ತು. ಮಂಕು ವಸ್ತು ಮೂಡಬೇಕಾದರೆ ಪ್ಲೇಟನ್ನು ಹೆಚ್ಚು ಹೊತ್ತು ಬೆಳಕಿಗೆ ಒಡ್ಡಬೇಕು. ಹೆಚ್ಚು ಹೊತ್ತು ಒಡ್ಡಿದರೆ ಗ್ರಹದ ಚಿತ್ರ ಉಬ್ಬಿ ಉಬ್ಬಿ ದೊಡ್ಡ ಕಲೆಯಾಗಿ ಪಕ್ಕದಲ್ಲಿರುವುದನ್ನೆಲ್ಲ ನುಂಗುತ್ತದೆ. ಕಡಿಮೆ ಹೊತ್ತು ಒಡ್ಡಿದರೆ ಉಪಗ್ರಹವೇ ಮೂಡುವುದಿಲ್ಲ. ಈ ಎರಡರ ನಡುವಿನ ಹದ ಸಿಗಬೇಕು.

1948ರ ಫೆಬ್ರವರಿ 16ರ ರಾತ್ರಿ ಕೈಪರ್ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ ಯುರೇನಸ್‌ನ ಒಂದು ಫೋಟೋ ತೆಗೆದರು. ಬರೀ ನಾಲ್ಕು ನಿಮಿಷದ ಫೋಟೋ. ಅವರಿಗೆ ಬೇಕಾಗಿದ್ದುದು ಹೊಸ ಉಪಗ್ರಹವಲ್ಲ. ಗೊತ್ತಿದ್ದ ನಾಲ್ಕರಲ್ಲಿ ಯಾವುದು ಎಷ್ಟು ಹೊಳೆಯುತ್ತದೆ ಎಂದು ಹೋಲಿಸುವುದಷ್ಟೇ ಉದ್ದೇಶ. ಪ್ಲೇಟಿನಲ್ಲಿ ಗ್ರಹದ ಪಕ್ಕದಲ್ಲೇ ಒಂದು ಚುಕ್ಕಿ ಹೆಚ್ಚಾಗಿತ್ತು.

ಇಲ್ಲಿ ನೀವು ಸ್ವಲ್ಪ ನಿಂತು ಯೋಚಿಸಬೇಕು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಆ ಚುಕ್ಕಿ ಹಿಂದೆ ಎಲ್ಲೋ ದೂರದಲ್ಲಿರುವ ಮಂಕು ನಕ್ಷತ್ರವೂ ಆಗಿರಬಹುದು. ಪ್ಲೇಟಿನ ಲೇಪನದ ದೋಷವೂ ಆಗಿರಬಹುದು. ತಿಳಿಯುವ ಉಪಾಯ ಒಂದೇ. ಯುರೇನಸ್ ನಕ್ಷತ್ರಗಳ ನಡುವೆ ನಿಧಾನವಾಗಿ ಸರಿಯುತ್ತಿರುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಫೋಟೋ ತೆಗೆದರೆ, ಚುಕ್ಕಿ ನಕ್ಷತ್ರವಾಗಿದ್ದರೆ ಹಿಂದೆ ಉಳಿದಿರುತ್ತದೆ, ಉಪಗ್ರಹವಾಗಿದ್ದರೆ ಗ್ರಹದ ಜೊತೆಗೇ ಬಂದಿರುತ್ತದೆ. ಮಾರ್ಚ್ 1ರಂದು ಕೈಪರ್ ಮತ್ತೆ ಪ್ಲೇಟ್ ಒಡ್ಡಿದರು. ಚುಕ್ಕಿ ಗ್ರಹದ ಜೊತೆಗೇ ಇತ್ತು. 97 ವರ್ಷಗಳ ನಂತರ ಯುರೇನಸ್‌ಗೆ ಐದನೆಯ ಉಪಗ್ರಹ ಸಿಕ್ಕಿತು.

ಅದಕ್ಕೆ ಮಿರಾಂಡ ಎಂದು ಹೆಸರಿಟ್ಟವರೂ ಕೈಪರ್ ಅವರೇ. ಯುರೇನಸ್‌ನ ಉಪಗ್ರಹಗಳಿಗೆ ಇಂಗ್ಲಿಷ್ ಸಾಹಿತ್ಯದ ಪಾತ್ರಗಳ ಹೆಸರಿಡುವುದು ವಾಡಿಕೆ. ಮಿರಾಂಡ ಷೇಕ್ಸ್‌ಪಿಯರನ ದಿ ಟೆಂಪೆಸ್ಟ್ ನಾಟಕದಲ್ಲಿ ತಂದೆಯೊಡನೆ ನಿರ್ಜನ ದ್ವೀಪವೊಂದರಲ್ಲಿ ಬೆಳೆಯುವ ಹುಡುಗಿ. ಆಚಿನ ಲೋಕ ಅವಳಿಗೆ ಗೊತ್ತಿಲ್ಲ, ಅವಳು ಆಚಿನ ಲೋಕಕ್ಕೆ ಗೊತ್ತಿಲ್ಲ. ಒಳ್ಳೆಯ ಹೆಸರನ್ನೇ ಆರಿಸಿದರು ಎನಿಸುತ್ತದೆ.

ಮರುವರ್ಷ, 1949ರ ಮೇ 1ರಂದು, ಕೈಪರ್ ನೆಪ್ಚೂನ್‌ನ ಎರಡನೆಯ ಉಪಗ್ರಹ ನೆರೀಡ್ ಅನ್ನೂ ಕಂಡುಹಿಡಿದರು. ನೆಪ್ಚೂನ್‌ಗೆ ಸುಮಾರು 14 ಲಕ್ಷ ಕಿ.ಮೀ. ಹತ್ತಿರಕ್ಕೆ ಬಂದು, 96 ಲಕ್ಷ ಕಿ.ಮೀ. ದೂರಕ್ಕೆ ಹೋಗುವ ಅದರ ಕಕ್ಷೆ ಉದ್ದನೆಯ ಮೊಟ್ಟೆಯಂತಿದೆ. ಒಂದು ಸುತ್ತಿಗೆ 360 ದಿನ. ಮಂಗಳನ ವಾಯುಮಂಡಲದಲ್ಲಿ ಇಂಗಾಲದ ಡೈ ಆಕ್ಸೈಡ್ ಇದೆಯೆಂದು ಅವರು 1947ರಲ್ಲೇ ತೋರಿಸಿಕೊಟ್ಟಿದ್ದರು.

ಕೈಪರ್ ಪಟ್ಟಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅನೇಕ ಪುಸ್ತಕಗಳಲ್ಲಿ ಇದು ತಪ್ಪಾಗಿದೆ. ಆ ಪಟ್ಟಿ ಇದೆಯೆಂದು ಕೈಪರ್ ಮೊದಲೇ ಹೇಳಿದ್ದರು ಎಂದು ಬರೆದಿರುತ್ತಾರೆ. 1951ರಲ್ಲಿ ಅವರು ಬರೆದದ್ದು ಬೇರೆ. ಸೌರವ್ಯೂಹ ಹುಟ್ಟುವಾಗ ನೆಪ್ಚೂನ್‌ನ ಆಚೆ ಹಿಮದ ಉಂಡೆಗಳ ಪಟ್ಟಿಯೊಂದು ಇದ್ದಿರಬೇಕು, ಆದರೆ ಪ್ಲೂಟೋ ತನ್ನ ಗುರುತ್ವದಿಂದ ಅದನ್ನು ಚದುರಿಸಿಬಿಟ್ಟಿರುತ್ತದೆ ಎಂಬುದು ಅವರ ತರ್ಕ. ಪ್ಲೂಟೋ ಭೂಮಿಯಷ್ಟು ಭಾರವಿರಬಹುದೆಂದು ಆಗ ನಂಬಿದ್ದರು. ನಿಜದಲ್ಲಿ ಅದು ನಮ್ಮ ಚಂದ್ರನಿಗಿಂತಲೂ ಹಗುರ. ಯಾವುದನ್ನೂ ಚದುರಿಸುವ ಶಕ್ತಿ ಅದಕ್ಕಿಲ್ಲ. 1992ರಿಂದ ಆ ಪಟ್ಟಿಯ ಕಾಯಗಳು ಒಂದೊಂದಾಗಿ ಸಿಕ್ಕುತ್ತಾ ಬಂದವು. ಹೀಗೆ, ಈಗ ಇರಲಾರದು ಎಂದವರ ಹೆಸರೇ ಆ ಪಟ್ಟಿಗೆ ಅಂಟಿಕೊಂಡಿತು!

1957ರಲ್ಲಿ ರಷ್ಯನ್ನರ ಸ್ಪುಟ್ನಿಕ್ ಹಾರಿತು. ಇದ್ದಕ್ಕಿದ್ದಂತೆ ಚಂದ್ರ, ಗ್ರಹಗಳು ಎಲ್ಲರಿಗೂ ಬೇಕಾದವು. ಅಮೆರಿಕದಲ್ಲಿ ಅವುಗಳನ್ನು ಚೆನ್ನಾಗಿ ಬಲ್ಲವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ಮುಂದಿದ್ದವರು ಕೈಪರ್. ಅವರ ಸ್ವಭಾವ ಸುಲಭದ್ದಲ್ಲ. ತಾವು ಹಗಲಿರುಳು ದುಡಿಯುತ್ತಿದ್ದರು, ಜೊತೆಯವರಿಂದಲೂ ಅಷ್ಟನ್ನೇ ಬಯಸುತ್ತಿದ್ದರು. ಯರ್ಕಿಸ್‌ನಲ್ಲಿ ಸಹೋದ್ಯೋಗಿಗಳೊಡನೆ ಭಿನ್ನಾಭಿಪ್ರಾಯ ಬೆಳೆದು, 1960ರಲ್ಲಿ ಅರಿಜೋನ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ಚಂದ್ರ ಮತ್ತು ಗ್ರಹಗಳ ಪ್ರಯೋಗಾಲಯವನ್ನು ಸ್ಥಾಪಿಸಿದರು.

ಅಲ್ಲಿ ಅವರ ತಂಡ ಮಾಡಿದ ಒಂದು ಪ್ರಯೋಗವನ್ನು ನೀವೂ ಚಿಕ್ಕದಾಗಿ ಮಾಡಿ ನೋಡಬಹುದು. ಚಂದ್ರನ ಅಂಚಿನಲ್ಲಿರುವ ಕುಳಿಗಳು ನಮಗೆ ಓರೆಯಾಗಿ, ಚಪ್ಪಟೆಯಾಗಿ ಕಾಣುತ್ತವೆ. ಅವನ್ನು ನೇರವಾಗಿ ನೋಡುವುದು ಹೇಗೆ? ಅವರು ಚಂದ್ರನ ಫೋಟೋವನ್ನು ಸುಮಾರು ಒಂದು ಮೀಟರ್ ಅಗಲದ ಬಿಳಿ ಗೋಳದ ಮೇಲೆ ಪ್ರೊಜೆಕ್ಟರಿನಿಂದ ಬಿಟ್ಟರು. ಆಮೇಲೆ ಗೋಳದ ಪಕ್ಕಕ್ಕೆ ಹೋಗಿ ನಿಂತು ನೋಡಿದರು. ಅಂಚು ಎದುರಿಗೆ ಬಂತು! 1962ರಲ್ಲಿ ಹೀಗೆ ನೋಡುವಾಗಲೇ ಕೈಪರ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಹಾರ್ಟ್‌ಮನ್ ಚಂದ್ರನ ಅಂಚಿನಲ್ಲಿ ಒಂದರೊಳಗೊಂದು ಬಳೆಗಳನ್ನಿಟ್ಟಂತಿರುವ ಓರಿಯಂಟಾಲೆ ಎಂಬ ಬೃಹತ್ ತಗ್ಗನ್ನು ಗುರುತಿಸಿದರು. ನಿಮ್ಮ ಶಾಲೆಯಲ್ಲಿ ಬಿಳಿ ಚೆಂಡು ಮತ್ತು ಟಾರ್ಚ್ ಇದ್ದರೆ ಸಾಕು. ಟಾರ್ಚಿನ ಗಾಜಿನ ಮೇಲೆ ಒಂದು ಕಾಗದದ ಚೂರು ಅಂಟಿಸಿ, ಅದರ ನೆರಳು ಚೆಂಡಿನ ಅಂಚಿಗೆ ಬೀಳುವಂತೆ ಹಿಡಿಯಿರಿ. ಎದುರಿನಿಂದಲೂ ಪಕ್ಕದಿಂದಲೂ ನೋಡಿ ವ್ಯತ್ಯಾಸ ಬರೆದುಕೊಳ್ಳಿ.

1964ರ ಜುಲೈ 31ರಂದು ರೇಂಜರ್ 7 ನೌಕೆ ಚಂದ್ರನಿಗೆ ಅಪ್ಪಳಿಸುವ ಮುನ್ನ ಕೊನೆಯ 17 ನಿಮಿಷಗಳಲ್ಲಿ 4,300ಕ್ಕೂ ಹೆಚ್ಚು ಚಿತ್ರಗಳನ್ನು ಕಳುಹಿಸಿತು. ಆ ಚಿತ್ರಗಳ ಅಧ್ಯಯನದ ಮುಖ್ಯ ವಿಜ್ಞಾನಿ ಕೈಪರ್. ದೂರದರ್ಶಕಗಳಿಗೆ ಯೋಗ್ಯವಾದ ಜಾಗಗಳನ್ನು ಹುಡುಕುವುದೂ ಅವರ ಕೆಲಸವಾಯಿತು. ಹವಾಯಿ ದ್ವೀಪದ ಮೌನಾ ಕೀ ಶಿಖರ ಅದಕ್ಕೆ ತಕ್ಕ ಸ್ಥಳವೆಂದು ಪರೀಕ್ಷಿಸಿ ಹೇಳಿದವರು ಅವರೇ. ಗಾಳಿಯಲ್ಲಿರುವ ನೀರಾವಿ ಅವಕೆಂಪು ಕಿರಣಗಳನ್ನು ತಡೆಯುತ್ತದೆ ಎಂದು ದೂರದರ್ಶಕವನ್ನು ಜೆಟ್ ವಿಮಾನದಲ್ಲಿಟ್ಟು 12 ಕಿ.ಮೀ. ಎತ್ತರಕ್ಕೆ ಒಯ್ದರು. ಇಷ್ಟೆಲ್ಲ ನಡೆಯುತ್ತಿದ್ದರೂ ಮಿರಾಂಡ ಮಾತ್ರ ಗಾಜಿನ ಮೇಲಿನ ಚುಕ್ಕಿಯಾಗಿಯೇ ಉಳಿದಿತ್ತು. ಯಾವ ದೂರದರ್ಶಕಕ್ಕೂ ಅದಕ್ಕಿಂತ ಹೆಚ್ಚು ಕಾಣುತ್ತಿರಲಿಲ್ಲ.

1973ರ ಡಿಸೆಂಬರ್‌ನಲ್ಲಿ, ಹೊಸ ವೀಕ್ಷಣಾಲಯಗಳಿಗೆ ಜಾಗ ನೋಡಲು ಮೆಕ್ಸಿಕೋ ದೇಶಕ್ಕೆ ಹೋಗಿದ್ದಾಗ, ಕೈಪರ್ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 68 ವರ್ಷ. ಅವರು ದುಡಿದಿದ್ದ ಮ್ಯಾರಿನರ್ 10 ನೌಕೆ ಬುಧ ಗ್ರಹದತ್ತ ಇನ್ನೂ ದಾರಿಯಲ್ಲಿತ್ತು. 1974ರ ಮಾರ್ಚ್‌ನಲ್ಲಿ ಅದು ಬುಧನ ಮೇಲೆ ಗುರುತಿಸಿದ ಮೊದಲ ಕುಳಿಗೆ ಅವರ ಹೆಸರನ್ನೇ ಇಟ್ಟರು.

ವಿಮಾನದಲ್ಲಿ ದೂರದರ್ಶಕ ಒಯ್ಯುವ ಕೆಲಸವೂ ಮುಂದುವರಿಯಿತು. ಅದಕ್ಕೆಂದೇ ಸಜ್ಜಾದ ದೊಡ್ಡ ವಿಮಾನಕ್ಕೆ 1975ರಲ್ಲಿ ಕೈಪರ್ ಅವರ ಹೆಸರಿಟ್ಟರು. 1977ರ ಮಾರ್ಚ್ 10ರ ರಾತ್ರಿ ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಕೈಪರ್ ವಿಮಾನ ಹಿಂದೂ ಮಹಾಸಾಗರದ ಮೇಲೆ ಹಾರುತ್ತಾ ಅದನ್ನು ನೋಡುತ್ತಿತ್ತು. ಗ್ರಹ ಮರೆಮಾಡುವ ಮೊದಲೇ ನಕ್ಷತ್ರ ಕೆಲವು ಬಾರಿ ಮಂಕಾಯಿತು. ಗ್ರಹ ದಾಟಿದ ಮೇಲೆ ಮತ್ತೆ ಹಾಗೆಯೇ. ಯುರೇನಸ್‌ಗೆ ಬಳೆಗಳಿವೆ! ಅದೇ ರಾತ್ರಿ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ತಮಿಳುನಾಡಿನ ಕಾವಲೂರಿನ ತಮ್ಮ ವೀಕ್ಷಣಾಲಯದಿಂದ ಆ ನಕ್ಷತ್ರವನ್ನು ನೋಡುತ್ತಿದ್ದರು. ಅವರಿಗೂ ನಕ್ಷತ್ರ ಮಂಕಾದದ್ದು ಸಿಕ್ಕಿತು.

ಆ ವರ್ಷವೇ ಆಗಸ್ಟ್ 20ರಂದು ವಾಯೇಜರ್ 2 ನೌಕೆ ಭೂಮಿಯಿಂದ ಹೊರಟಿತು. ಗುರು, ಶನಿಗಳನ್ನು ದಾಟಿ 1986ರ ಜನವರಿ 24ರಂದು ಯುರೇನಸ್ ತಲಪಿತು. ಅದರ ಮುಂದಿನ ನಿಲ್ದಾಣ ನೆಪ್ಚೂನ್. ಅತ್ತ ತಿರುಗಬೇಕಾದರೆ ಯುರೇನಸ್‌ಗೆ ತೀರ ಹತ್ತಿರದಿಂದ ಹಾದುಹೋಗಬೇಕಿತ್ತು. ಆ ದಾರಿಯ ಪಕ್ಕದಲ್ಲಿದ್ದದ್ದು ಮಿರಾಂಡ. ಆರಿಸಿಕೊಳ್ಳುವ ಅವಕಾಶವಿದ್ದರೆ ವಿಜ್ಞಾನಿಗಳು ದೊಡ್ಡ ಉಪಗ್ರಹವನ್ನೇ ಆರಿಸುತ್ತಿದ್ದರೇನೋ. 472 ಕಿ.ಮೀ. ವ್ಯಾಸದ, ಅಂದರೆ ಬೆಂಗಳೂರಿನಿಂದ ಬೆಳಗಾವಿಗಿರುವ ರಸ್ತೆಯಷ್ಟೂ ಅಗಲವಿಲ್ಲದ ಹಿಮದ ಉಂಡೆಯಲ್ಲಿ ಏನಿದ್ದೀತು? ಹಳೆಯ ಕುಳಿಗಳು ತುಂಬಿದ ಸತ್ತ ನೆಲ ಇರಬಹುದು, ಅಷ್ಟೇ ಎಂದುಕೊಂಡಿದ್ದರು.

ಚಿತ್ರಗಳು ಬಂದವು. ನೋಡಿದವರು ಬೆರಗಾದರು. ಕುಳಿ ತುಂಬಿದ ನೆಲದ ನಡುವೆ ಯಾರೋ ನೇಗಿಲು ಹೊಡೆದಂತೆ ಸಾಲು ಸಾಲು ಗೆರೆಗಳಿರುವ ಮೂರು ದೊಡ್ಡ ಪ್ರದೇಶಗಳು. ಒಂದರಲ್ಲಿ ಬೆಳ್ಳಗೆ ಹೊಳೆಯುವ ಮೂಲೆಮಟ್ಟದ ಆಕಾರ. ಹರಿದ ಬಟ್ಟೆಗೆ ಬೇರೆ ಬೇರೆ ತುಂಡು ಸೇರಿಸಿ ಹೊಲಿದ ಕೌದಿಯಂತಿತ್ತು ಮಿರಾಂಡ. ದರ್ಜಿಯ ಮಗ ಕಂಡ ಉಪಗ್ರಹ! ಅಂಚಿನಲ್ಲೊಂದು ಕಡಿದಾದ ಪ್ರಪಾತ, ಹೆಸರು ವೆರೋನ ರೂಪೆಸ್. ಅದರ ಎತ್ತರ 20 ಕಿ.ಮೀ. ವರೆಗೂ ಇರಬಹುದೆಂದು ಅಂದಾಜು. ಎವರೆಸ್ಟ್ ಶಿಖರ 9 ಕಿ.ಮೀ. ಕೂಡ ಇಲ್ಲ. ಮಿರಾಂಡದ ಗುರುತ್ವ ಭೂಮಿಯದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ 20 ಕಿ.ಮೀ. ಎತ್ತರದಿಂದ ಕಲ್ಲು ಬಿಟ್ಟರೆ ಅದು ಕೆಳಗೆ ಮುಟ್ಟಲು ಸುಮಾರು 12 ನಿಮಿಷ ಬೇಕು.

ಇಂಥ ಪುಟ್ಟ ಉಪಗ್ರಹ ಹೀಗೇಕಾಯಿತು? ಒಡೆದು ಚೂರಾಗಿ ಮತ್ತೆ ಸೇರಿಕೊಂಡಿರಬೇಕು ಎಂದು ಮೊದಲು ಕೆಲವರು ಭಾವಿಸಿದರು. ಈಗ ಹೆಚ್ಚಿನವರ ಅಭಿಪ್ರಾಯ ಬೇರೆ. ಹಿಂದೊಮ್ಮೆ ಅದರ ಕಕ್ಷೆ ಇಂದಿನಷ್ಟು ದುಂಡಗಿರಲಿಲ್ಲ. ಯುರೇನಸ್‌ಗೆ ಹತ್ತಿರ ಬಂದಾಗ ಹೆಚ್ಚಾಗಿ, ದೂರ ಹೋದಾಗ ಕಡಿಮೆಯಾಗಿ ಗುರುತ್ವದ ಸೆಳೆತಕ್ಕೆ ಸಿಕ್ಕಿ, ನಾದಿದ ಹಿಟ್ಟಿನಂತೆ ಹಿಗ್ಗಿ ಕುಗ್ಗಿ, ಒಳಗೆ ಬಿಸಿಯಾಯಿತು. ಬೆಚ್ಚಗಾದ ಹಿಮ ಮೇಲೆದ್ದು ನೆಲವನ್ನು ಸೀಳಿತು. ಆ ಬಿಸಿಗೆ ಹಿಮದ ಕೆಳಗೆ ನೀರಿನ ಸಾಗರವೇ ಉಂಟಾಗಿದ್ದಿರಬಹುದೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಅದು ಗೆರೆಗಳನ್ನು ಲೆಕ್ಕ ಹಾಕಿದ್ದು ವಾಯೇಜರ್ ಕಳಿಸಿದ ಅದೇ 1986ರ ಚಿತ್ರಗಳಿಂದ. ಬೇರೆ ಚಿತ್ರಗಳು ನಮ್ಮಲ್ಲಿಲ್ಲ.

ಆ ಚಿತ್ರಗಳಲ್ಲೂ ಇರುವುದು ಮಿರಾಂಡದ ಅರ್ಧ ಮುಖ. ಯುರೇನಸ್ ಅಡ್ಡ ಮಲಗಿಕೊಂಡು ಸೂರ್ಯನನ್ನು ಸುತ್ತುವ ಗ್ರಹ, ಉಪಗ್ರಹಗಳೂ ಅದರಂತೆಯೇ. 1986ರಲ್ಲಿ ದಕ್ಷಿಣಾರ್ಧಕ್ಕೆ ಮಾತ್ರ ಬೆಳಕಿತ್ತು, ಉತ್ತರಾರ್ಧ ಕತ್ತಲೆಯಲ್ಲಿತ್ತು. ಯುರೇನಸ್‌ನ ಒಂದು ವರ್ಷವೆಂದರೆ ನಮ್ಮ 84 ವರ್ಷ. 2007ರಿಂದ ಉತ್ತರಾರ್ಧಕ್ಕೆ ಬಿಸಿಲು ಬೀಳುತ್ತಿದೆ, ಆದರೆ ನೋಡಲು ಅಲ್ಲಿ ಯಾವ ನೌಕೆಯೂ ಇಲ್ಲ. ಯುರೇನಸ್ ಸುತ್ತ ತಿರುಗುವ ನೌಕೆಯೊಂದನ್ನು ಕಳುಹಿಸಬೇಕೆಂದು ಅಮೆರಿಕದ ವಿಜ್ಞಾನಿಗಳ ಸಮಿತಿ 2022ರಲ್ಲಿ ಸಲಹೆ ನೀಡಿದೆ. ಹೊರಟ ಮೇಲೆ ತಲಪಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಗಬಹುದು. 2050ರ ಹೊತ್ತಿಗೆ ಉತ್ತರಾರ್ಧ ಮತ್ತೆ 42 ವರ್ಷಗಳ ಕತ್ತಲೆಗೆ ಜಾರುತ್ತದೆ. ಆಗ ನಿಮ್ಮ ವಯಸ್ಸು ಎಷ್ಟಿರುತ್ತದೆ, ಲೆಕ್ಕ ಹಾಕಿ ನೋಡಿ.